ತೂಗದ ಕೊಳವೆ

ನಾನು ಸೇಡು ತೀರಿಸಿಕೊಂಡದ್ದು ಲ್ಯಾಬಿನ ತಕ್ಕಡಿಯಿಂದ. ಅದಕ್ಕೆ ನನಗೆ ನಾಚಿಕೆಯೇನಿಲ್ಲ.

ನಮ್ಮೂರು ಮಂಕಿಯಲ್ಲಿ ಅಪ್ಪನ ಮೀನಿನ ದೋಣಿ ಹತ್ತಿ, ವರ್ಷವಿಡೀ ಸಮುದ್ರದ ನೀರು ತುಂಬಿಸಿ ತಂದವಳು ನಾನು. ನನ್ನ ಪಿಎಚ್‌ಡಿ ನಿಂತಿದ್ದೇ ಆ ನೀರಿನ ಮೇಲೆ. ಕುಮಟೆಯ ನಮ್ಮ ಲ್ಯಾಬಿನಲ್ಲಿ ಫ್ಲೋ ಸೈಟೋಮೀಟರ್ ಎಂಬ ಯಂತ್ರವಿದೆ. ಅದು ನೀರನ್ನು ನೂಲಿನಂತೆ ಎಳೆದು, ಲೇಸರ್ ಮುಂದೆ ಹಾಯಿಸಿ, ಕಣ್ಣಿಗೆ ಕಾಣದ ಕಣಗಳನ್ನು ಎಣಿಸುತ್ತದೆ. ಎಣಿಸಿದರಷ್ಟೇ ಸಾಲದು, ಎಷ್ಟು ನೀರಿನಲ್ಲಿ ಅಷ್ಟು ಕಣ ಎಂಬುದೂ ಗೊತ್ತಾಗಬೇಕು. ಅದಕ್ಕೆ ನೀರಿನ ಕೊಳವೆಯನ್ನು ಯಂತ್ರಕ್ಕೆ ಇಡುವ ಮೊದಲೊಮ್ಮೆ, ತೆಗೆದ ಮೇಲೊಮ್ಮೆ ತೂಗಬೇಕು. ನಾನು ತಪ್ಪದೆ ತೂಗುತ್ತಿದ್ದೆ. ಪ್ರತಿ ಸಲದ ನೀರನ್ನೂ ಜೋಡಿ ಕೊಳವೆಗಳಲ್ಲಿ ತುಂಬಿ, ಒಂದನ್ನು ಎಣಿಸಿ ಇನ್ನೊಂದನ್ನು ಹಾಗೇ ಕಾಪಿಡುತ್ತಿದ್ದೆ.

ನಮ್ಮ ಸೀನಿಯರ್ ತೂಗುತ್ತಿರಲಿಲ್ಲ. ಎಷ್ಟು ನೀರು ಒಳಗೆ ಹೋಯಿತೆಂದು ಯಂತ್ರದ ಪರದೆ ಹೇಳಿದ್ದೇ ಅವನಿಗೆ ವೇದವಾಕ್ಯ. ನಾನು ಒಂದೇ ದಿನ ತಂದ ನೀರನ್ನು ಇಬ್ಬರೂ ಎಣಿಸಿ, ನನ್ನ ಲೆಕ್ಕ ಅವನದರ ಎರಡು ಪಟ್ಟು ಬಂದಾಗ, ಎಲ್ಲರೆದುರು ಮೂಗು ಮುಚ್ಚಿಕೊಂಡು ನಕ್ಕ.

“ನಿಂದು ಮೀನಿನ ಕೈ ಮಾರಾಯ್ತಿ. ಕೊಳೆ ಸೇರಿರ್ತದೆ. ಉಳಿದ ಕೊಳವೆ ಎಲ್ಲ ಎಂತಕ್ಕೆ ಇಟ್ಕಂಡಿದ್ದೆ? ಬಿಸಾಡು.”

“ಆತು” ಎಂದೆ. ಅವನು ಅಂದದ್ದು ನನ್ನ ಕೈಗೆ ಮಾತ್ರವಲ್ಲ, ಅಪ್ಪನ ಕೈಗೂ. ಜೋಡಿ ಕೊಳವೆಗಳ ಡಬ್ಬಿ ಎತ್ತಿಕೊಂಡು ಹೊರಗೆ ನಡೆದೆ.

ಮರುದಿನ ಅವನು ಚಹಾಕ್ಕೆ ಹೋದಾಗ ಅವನ ಕೊಳವೆಯನ್ನೇ ಯಂತ್ರಕ್ಕೆ ಇಡುವ ಮೊದಲೂ ತೆಗೆದ ಮೇಲೂ ತೂಗಿ ನೋಡಿದೆ. ಯಂತ್ರದ ನೀರೆಳೆಯುವ ಸೂಜಿ ಅರ್ಧ ಕಟ್ಟಿಕೊಂಡಿತ್ತು. ಪರದೆ ಹೇಳಿದ್ದರ ಅರ್ಧದಷ್ಟು ನೀರು ಮಾತ್ರ ಒಳಗೆ ಹೋಗಿತ್ತು. ಅದಕ್ಕೇ ಅವನ ಎಣಿಕೆಯೂ ಅರ್ಧ, ನನ್ನ ಲೆಕ್ಕವೇ ಸರಿ. ಆಗಲೇ ಹೇಳಬಹುದಿತ್ತು. ಹೇಳಲಿಲ್ಲ, ತಿಂಗಳುಗಟ್ಟಲೆ ಹಲ್ಲು ಕಚ್ಚಿ ಕಾದೆ.

ವರ್ಷದ ಸಭೆಯಲ್ಲಿ, ಹೊರಗಿನಿಂದ ಬಂದ ದೊಡ್ಡವರ ಮುಂದೆ ಅವನು ತನ್ನ ಗ್ರಾಫ್ ತೋರಿಸಿದ. ನಾನು ಕೈ ಎತ್ತಿದೆ.

“ಕೊಳವೆ ತೂಗಿದ್ರಾ ಸರ್?”

“ಎಂತಕ್ಕೆ? ಮಷೀನೇ ಹೇಳ್ತದಲ್ಲ.”

ನಮ್ಮ ಗೈಡ್ ಮೇಡಂ ಪೆನ್ನು ಕೆಳಗಿಟ್ಟರು. ನಾನು ತೂಕ ಬರೆದಿಟ್ಟ ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿಟ್ಟೆ. ಅವನ ಮುಖ ಬಿಳಿಚಿಕೊಳ್ಳುವುದನ್ನು ಕಣ್ತುಂಬ ನೋಡಿದೆ, ತುಂಬ ಖುಷಿಯಾಯಿತು.

ಸಂಜೆ ನನ್ನ ಮೇಜಿನ ಹತ್ತಿರ ಬಂದ. ಅವನ ನೀರೆಲ್ಲ ಖರ್ಚಾಗಿತ್ತು, ಮತ್ತೆ ಎಣಿಸಲು ಒಂದು ಹನಿಯೂ ಇರಲಿಲ್ಲ.

“ಆ ಜೋಡಿ ಕೊಳವೆ... ಎಲ್ಲಾದ್ರೂ ಇದ್ವಾ?”

“ನೀವೇ ಬಿಸಾಡು ಅಂದ್ರಲ್ಲ ಸರ್.”

ತಲೆ ತಗ್ಗಿಸಿ ಹೋದ. ಬಾಗಿಲು ಮುಚ್ಚಿದ ಸದ್ದಾಗುವವರೆಗೆ ಕಾದು, ಫ್ರೀಜರಿನ ತಳದಿಂದ ಡಬ್ಬಿ ಹೊರಗೆಳೆದೆ. ಮಂಕಿಯ ನೀರು ಹಾಗೇ ಹೆಪ್ಪುಗಟ್ಟಿ ಕೂತಿತ್ತು. ಮೊದಲ ಕೊಳವೆಯ ನೀರು ಕರಗಿದ ಮೇಲೆ, ನನ್ನ ಪಿಎಚ್‌ಡಿಯ ಲೆಕ್ಕಕ್ಕೆಂದು ಅದನ್ನು ಮೀನಿನ ಕೈಯಲ್ಲೇ ಎತ್ತಿ ತಕ್ಕಡಿಗೆ ಇಟ್ಟೆ.