ಹಿಟ್ಟಿಗಾಗಿ ಒತ್ತಿದ ಗುಂಡಿ

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವ. ನನ್ನ ಕೆಲಸ ದೋಸೆ ಹುಯ್ಯುವುದು, ಬರೆಯುವುದಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಬಾಯಲ್ಲಿ ಹೇಳುವಾಗ ಅಕ್ಕನಿಗೆ ಅರ್ಧವನ್ನಷ್ಟೇ ಹೇಳಿದ್ದೆ.

2017ರಲ್ಲಿ ಹಿಮ ಬೀಳುವ ಪರದೇಶದ ಊರು ಸ್ಟ್ರೀಟ್ಸ್‌ವಿಲ್‌ನಲ್ಲಿ ಅಕ್ಕನ ಮನೆಯ ಬೇಸ್‌ಮೆಂಟಿನಲ್ಲಿದ್ದುಕೊಂಡು ಒಂದು ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದೆ. ಆ ವರ್ಷ ಅಕ್ಕ ಹಟ ಹಿಡಿದು ಹೀಟ್ ಪಂಪ್ ಹಾಕಿಸಿದಳು. ಮನೆಯ ಹೊರಗೊಂದು ಪೆಟ್ಟಿಗೆ. ಅದು ಹೊರಗಿನ ಚಳಿಗಾಳಿಯಿಂದಲೇ ಬಿಸಿ ಹಿಂಡಿ ಒಳಗೆ ಕಳಿಸುತ್ತದೆ. ತೀರಾ ಕೊರೆಯುವ ದಿನಗಳಿಗೆಂದು ಗ್ಯಾಸ್ ಉರಿಸಿ ಮನೆ ಕಾಯಿಸುವ ಹಳೆಯ ಫರ್ನೇಸನ್ನೂ ಬೇಸ್‌ಮೆಂಟಿನಲ್ಲಿ ಉಳಿಸಿಕೊಂಡಿದ್ದರು.

ಭಾವನಿಗೆ ನಂಬಿಕೆ ಬರಲಿಲ್ಲ. "ಚಳಿಯಿಂದ ಬಿಸಿಯಂತೆ! ಮಜ್ಜಿಗೆಯಿಂದ ಹಾಲು ತೆಗೆದ ಹಾಗೆ," ಎಂದ. ಒಂದು ಚಳಿಗಾಲ ನೋಡುವುದು, ಸರಿಬಾರದಿದ್ದರೆ ತೆಗೆಸುವುದು ಎಂದು ಇಬ್ಬರಿಗೂ ಒಪ್ಪಂದವಾಯಿತು. ಅಕ್ಕ ತನ್ನ ನರ್ಸಿಂಗ್ ಹೋಮಿನಲ್ಲಿ ಸಿಕ್ಕವರಿಗೆಲ್ಲ ಪಂಪಿನ ಗುಣಗಾನ ಮಾಡಿದಳು.

ನನ್ನ ತಕರಾರು ಬೇರೆ. ಫರ್ನೇಸಿನ ಕಾಲದಲ್ಲಿ ಅಡುಗೆಮನೆಯ ನೆಲದ ಜಾಲರಿಯಿಂದ ಬಿಸಿಗಾಳಿ ಭುಸ್ಸೆಂದು ಏಳುತ್ತಿತ್ತು. ಶನಿವಾರ ಮಧ್ಯಾಹ್ನ ರುಬ್ಬಿದ ಹಿಟ್ಟನ್ನು ಅದರ ಪಕ್ಕ ಇಟ್ಟು ಟವೆಲ್ ಹೊದೆಸಿದರೆ, ಭಾನುವಾರ ಬೆಳಿಗ್ಗೆ ಮುಚ್ಚಳ ಎತ್ತಿಕೊಂಡು ನಿಂತಿರುತ್ತಿತ್ತು. ಪಂಪ್ ಬಂದ ಮೇಲೆ ಮನೆಯೇನೋ ಬೆಚ್ಚಗಿತ್ತು, ಆದರೆ ಜಾಲರಿಗೆ ಕೈ ಹಿಡಿದರೆ ಯಾರೋ ಮೆಲ್ಲಗೆ ಉಸಿರು ಬಿಟ್ಟಂತೆ. ಹಿಟ್ಟು ಇಟ್ಟಷ್ಟೇ ಇತ್ತು. ಭಾನುವಾರದ ದೋಸೆ ನನ್ನ ಮರ್ಯಾದೆಯ ಪ್ರಶ್ನೆ.

ಬಿಸಿ ಹೆಚ್ಚುಕಡಿಮೆ ಮಾಡುವ ಗೋಡೆಯ ಥರ್ಮೋಸ್ಟಾಟಿನಲ್ಲಿ 'ಎಮರ್ಜೆನ್ಸಿ' ಎಂಬ ಗುಂಡಿಯಿತ್ತು. ಒತ್ತಿದರೆ ಪಂಪ್ ನಿಂತು ಫರ್ನೇಸ್ ಮಾತ್ರ ಉರಿಯುತ್ತದೆ. ಹಿಟ್ಟು ಹುಳಿ ಬಾರದ್ದಕ್ಕಿಂತ ದೊಡ್ಡ ಎಮರ್ಜೆನ್ಸಿ ಯಾವುದು? ಒತ್ತಿದೆ. ವಾಪಸ್ ಹಾಕಲು ಎಷ್ಟೋ ಸಲ ಬುಧವಾರದವರೆಗೂ ಮರೆತೆ.

ಕೆಳಗೆ ಫರ್ನೇಸ್ ಗುಡುಗಿದಾಗಲೆಲ್ಲ ಭಾವನಿಗೆ ಹಬ್ಬ. "ನಿನ್ನ ಪಂಪು ರಜೆಯಲ್ಲುಂಟಾ ಮಾರಾಯ್ತಿ? ಮುದುಕನೇ ದುಡೀತಾ ಇದ್ದಾನಲ್ಲ!"

ಚಳಿ ತಡೆಯಲಾರದೆ ಪಂಪೇ ಸೋಲುತ್ತಿದೆ ಎಂದುಕೊಂಡ ಅಕ್ಕ ಮೆಕ್ಯಾನಿಕನನ್ನು ಕರೆಸಿದಳು. ಅವನು ಎಲ್ಲ ತಪಾಸಣೆ ಮಾಡಿ, ಪಂಪಿನಲ್ಲಿ ದೋಷವಿಲ್ಲ ಎಂದು ಹೊರಟುಹೋದ. ಶನಿವಾರ ಬಂದದ್ದೇ ಫರ್ನೇಸ್ ಮತ್ತೆ ಗುಡುಗಿತು.

ಫೆಬ್ರವರಿಯ ಒಂದು ಭಾನುವಾರ ದೋಸೆ ಮುರಿಯುತ್ತಾ ಅಕ್ಕ ಭಾವನಿಗೆ ಹೇಳಿದಳು: "ತೆಗೆಸಿಬಿಡುವ. ನೀವು ಹೇಳಿದ್ದೇ ಸರಿ. ನನ್ನ ಜೊತೆ ಕೆಲಸ ಮಾಡುವವಳು ಇಂಥದ್ದೇ ಹಾಕಿಸುವವಳಿದ್ದಳು, ಬೇಡ ಅಂದುಬಿಟ್ಟೆ."

ಗೆದ್ದ ಭಾವ ಕುಣಿಯಲಿಲ್ಲ. ಸುಮ್ಮನೆ ಚಟ್ನಿಯನ್ನು ಅವಳ ಕಡೆ ಸರಿಸಿದ. ಅದನ್ನು ನೋಡಿ ನನ್ನ ಕೈಯ ಸೌಟು ನಿಂತಿತು.

"ಅಕ್ಕಾ, ಪಂಪಿನದ್ದು ಎಂತ ತಪ್ಪೂ ಇಲ್ಲ. ಆ ಎಮರ್ಜೆನ್ಸಿ ಗುಂಡಿ ನಾನೇ ಒತ್ತಿದ್ದು. ಒಂದೆರಡು ಸಲ. ಹಿಟ್ಟು ಉಬ್ಬಲಿಕ್ಕೆ."

"ದೋಸೆಹಿಟ್ಟಿಗಾ?"

"ಹೌದು."

ಅಕ್ಕ ತಟ್ಟೆಯನ್ನು ಬದಿಗೆ ಸರಿಸಿದಳು. ಆಮೇಲೆ, "ಓವನ್ನಿನ ಲೈಟ್ ಮಾತ್ರ ಹಾಕಿ ಅದರೊಳಗೆ ಇಟ್ಟರೆ ಬಲ್ಬಿನ ಬಿಸಿಗೇ ಹಿಟ್ಟು ಉಬ್ಬುತ್ತದೆ. ಈ ಊರಿನ ನಮ್ಮ ಹೆಂಗಸರಿಗೆಲ್ಲ ಗೊತ್ತು. ನೀನೆಂತ ಅಡುಗೆಯವನಾ?" ಎಂದಳು.

ಭಾವ ನಕ್ಕು ನಕ್ಕು ಕೆಮ್ಮಿದ. ಕುದಿಯುವ ಹೋಟೆಲ್ ಅಡುಗೆಮನೆಯಲ್ಲಿ ಹಿಟ್ಟು ತಾನಾಗಿ ಉಬ್ಬುತ್ತದೆ, ನನಗೇನು ಗೊತ್ತು?

ಪಂಪ್ ಉಳಿಯಿತು. ಹಿಮ ಬಿದ್ದಾಗಲೆಲ್ಲ ಅದರ ಸುತ್ತ ಬಾಚಿ ತೆಗೆಯುವ ಶಿಕ್ಷೆ ನನಗಾಯಿತು. ಆದರೆ ಅಕ್ಕನ ಮಾತು ಕೇಳಿ ಆ ಕೆಲಸದ ಗೆಳತಿ ಅಷ್ಟರಲ್ಲಾಗಲೇ ಹೊಸ ಫರ್ನೇಸ್ ಹಾಕಿಸಿದ್ದಳು. ಅವಳು ಮನೆಗೆ ಬಂದು ನನ್ನ ದೋಸೆಯನ್ನು ಹೊಗಳಿದಾಗ ಅಕ್ಕ ನನ್ನನ್ನೇ ನೋಡುತ್ತಾಳೆ. ನಾನು ಕಾವಲಿಯನ್ನು ನೋಡುತ್ತೇನೆ.

ಉಳಿದರ್ಧ ಇದು. ಅಕ್ಕಾ, ಒಂದೆರಡು ಸಲವಲ್ಲ, ಡಿಸೆಂಬರಿನಿಂದ ಪ್ರತಿ ಶನಿವಾರ. ಮೆಕ್ಯಾನಿಕ್ ಬರುವ ಬೆಳಿಗ್ಗೆ, ನೀನು ಅವನಿಗೆ ಬಾಗಿಲು ತೆಗೆಯುವ ಮೊದಲೇ, ಅವನಿಗೆ ಗೊತ್ತಾಗಬಾರದೆಂದು ಗುಂಡಿಯನ್ನು ವಾಪಸ್ ಹಾಕಿ ಇಟ್ಟವನೂ ನಾನೇ.