ಕೇಳದೇ ಬಂದ ಹರಳು

ಬಂಡ್ರಿಯ ಕೊಟ್ರಯ್ಯನವರ ಮಗಳು ಸುನಿತಾ ಎಂ.ಎಸ್ಸಿ. ಮುಗಿಸಿದ ಕೂಡಲೇ ಸಂಡೂರಿನ ಒಂದು ಗಣಿ ಕಂಪನಿಯ ಲ್ಯಾಬಿಗೆ ಸೇರಿದ್ದಳು. ಅದಿರಿನಲ್ಲಿ ಕಬ್ಬಿಣ ಎಷ್ಟಿದೆಯೆಂದು ಪರೀಕ್ಷಿಸುವ ಕೆಲಸ. ಅದಿರು ಚೀನಾಕ್ಕೆ ಹೋಗುತ್ತಿದ್ದ ಕಾಲ, ಸಂಬಳಕ್ಕೆ ಕೊರತೆಯಿರಲಿಲ್ಲ. ಆದರೂ ಅದನ್ನು ಬಿಟ್ಟು ಹೊಸಪೇಟೆಯ ಕಾಲೇಜೊಂದರಲ್ಲಿ ಪಿಎಚ್.ಡಿ.ಗೆ ಸೇರಿ, ಅಲ್ಲೇ ಚಿತ್ತವಾಡ್ಗಿಯಲ್ಲಿ ಬಾಡಿಗೆ ಕೋಣೆ ಹಿಡಿದಳು.

"ಇರೋ ನೌಕರಿ ಬಿಟ್ಟು ಏನ್ ಮಾಡ್ತೀಯವಾ?" ಎಂದು ಅಪ್ಪ ಕೇಳಿದರು.

"ಔಷಧ ಹುಡುಕ್ತೀನಪ್ಪ."

ಸೋದರತ್ತೆ ಯಲ್ಲಕ್ಕನಿಗೆ ಟಿಬಿ ಬಂದಾಗ ಮೊದಲು ಕೊಟ್ಟ ಗುಳಿಗೆಗಳು ನಾಟಿರಲಿಲ್ಲ. ಅವಳು ಹುಷಾರಾಗುವಷ್ಟರಲ್ಲಿ ಮನೆಯವರೆಲ್ಲ ಹಣ್ಣಾಗಿದ್ದರು. ಕೊಟ್ರಯ್ಯನವರೇ ಮಗಳ ಟ್ರಂಕು ಹೊತ್ತು ಬಸ್ಸಿಗೇರಿಸಿದರು.

ಕಾಲೇಜಿನಲ್ಲಿ ಅವಳ ಜೊತೆ ಕೆಲಸಕ್ಕಿದ್ದವನು ಅಭಯ. ಟಿಬಿ ಕ್ರಿಮಿ ಬದುಕಲು ಬೇಕಾದ ಒಂದು ಪ್ರೋಟೀನಿನ ಆಕಾರ ಅವನ ಕಂಪ್ಯೂಟರಿನಲ್ಲಿತ್ತು. ಅದರ ಸಂದಿಯಲ್ಲಿ ಬಿಗಿಯಾಗಿ ಕೂತು ಅದನ್ನು ಕಟ್ಟಿಹಾಕಬಲ್ಲ ಅಣು ಯಾವುದೆಂದು ಅವನು ಲೆಕ್ಕ ಹಾಕುತ್ತಿದ್ದ. ಅವನು ಆರಿಸಿದ್ದನ್ನು ಸುನಿತಾ ಫ್ಲಾಸ್ಕಿನಲ್ಲಿ ತಯಾರಿಸಬೇಕು.

ಅವನಿಗೆ ಎಲ್ಲಕ್ಕಿಂತ ಮೆಚ್ಚಿಗೆಯಾಗಿದ್ದ ಅಣು ಅವಳ ಕೈಯಲ್ಲಿ ಆಗಲೇ ಇಲ್ಲ. ಪ್ರತಿ ಸಲವೂ ತಳದಲ್ಲಿ ಡಾಂಬರಿನಂಥ ಕಪ್ಪು ಅಂಟು.

"ನಿಮ್ಮ ಕಂಪ್ಯೂಟರ್ ಚಿತ್ರ ಬರೀತೈತ್ರಿ, ಅದಕ್ಕೇನು! ಒಮ್ಮೆ ಇಲ್ಲಿ ಬಂದು ಕುಂದ್ರಿ, ಗೊತ್ತಾಗ್ತೈತಿ," ಎಂದು ಒಂದು ದಿನ ರೇಗಿದಳು.

ಅಭಯನಿಗೆ ಚುರುಕ್ಕೆಂದಿತು. ಆದರೂ ಮರುದಿನ ಬಂದು ಸ್ಟೂಲೆಳೆದುಕೊಂಡು ಕೂತ. ದ್ರಾವಣ ಯಾವಾಗ ಕಪ್ಪಾಗುತ್ತದೆಂದು ಇಬ್ಬರೂ ನೋಡಿದರು. ಶಾಖ ಇಳಿಸಿದರೆ ಹೇಗೆ ಎಂದು ಅವನು ಕೇಳಿದ, ಅವಳು ಇಳಿಸಿದಳು. ಈ ಸಲ ಅಂಟಿನ ನಡುವೆ ತಿಳಿಹಳದಿ ಹರಳುಗಳು ಕಂಡವು. ತೊಳೆದು, ಶುದ್ಧಮಾಡಿ, ಅವುಗಳ ರಚನೆ ತಿಳಿಯಲು ಬೆಂಗಳೂರಿಗೆ ಕಳಿಸಿದರು.

ವರದಿ ಬಂದಾಗ ಅಭಯನ ಮುಖ ಸಪ್ಪಗಾಯಿತು. ಅದು ಅವನು ಕೇಳಿದ ಅಣುವಲ್ಲ. ಒಂದು ತುದಿ ಬಾಗಿ, ತಾನಾಗಿಯೇ ಉಂಗುರದಂತೆ ಕೂಡಿಕೊಂಡಿತ್ತು.

"ಅಲ್ಲದಿದ್ರ ಏನಾತ್ರಿ? ಇದನ್ನೂ ಕಂಪ್ಯೂಟರ್‌ನಾಗ ಕುಂದ್ರಿಸಿ ನೋಡ್ರಿ," ಎಂದಳು ಸುನಿತಾ.

ಒಲ್ಲದ ಮನಸ್ಸಿನಿಂದ ಎದ್ದು ಹೋದವನು ಮಧ್ಯಾಹ್ನ ಪಕ್ಕದ ಕೋಣೆಯಿಂದ ಕೂಗಿದ: "ಮೇಡಂ, ಜಲ್ದಿ ಬರ್ರಿ! ಸಂದಿಯೊಳಗ ಅಡ್ಡ ಕುಂತೈತಿ, ಆದ್ರ ಭಾಳ ಬಿಗಿ ಕುಂತೈತಿ!"

ಅಲ್ಲಿಂದಾಚೆಗೆ ಕೆಲಸದ ರೀತಿಯೇ ಬದಲಾಯಿತು. ಅಣುವಿನ ಯಾವ ಕಡೆ ಏನು ಸೇರಿಸಿದರೆ ಹಿಡಿತ ಹೆಚ್ಚುತ್ತದೆಂದು ಅವನು ತೋರಿಸುವನು. ಅದರಲ್ಲಿ ಯಾವುದು ಫ್ಲಾಸ್ಕಿನಲ್ಲಿ ಆದೀತು, ಯಾವುದು ಆಗದು ಎಂದು ಅವಳು ಹೇಳುವಳು. ಹಾಗೆ ಜಗಳವಾಡುತ್ತಲೇ ಮಾಡಿದ ಕೆಲವು ಪುಡಿಗಳನ್ನು, ಟಿಬಿ ಕ್ರಿಮಿಯ ಮೇಲೆ ಪರೀಕ್ಷಿಸುವ ವ್ಯವಸ್ಥೆಯಿದ್ದ ಹೊರಗಿನ ಲ್ಯಾಬಿಗೆ ಕಳಿಸಿದರು. ಅವುಗಳಲ್ಲಿ ಒಂದು ಕ್ರಿಮಿಯ ಬೆಳವಣಿಗೆಯನ್ನು ನಿಲ್ಲಿಸಿತ್ತು.

ಸುನಿತಾ ವರದಿಯ ಆ ಸಾಲನ್ನು ಮತ್ತೆ ಮತ್ತೆ ಓದಿದಳು. ಗಾಜಿನ ನಳಿಕೆಯಲ್ಲಿ ನಿಂತ ಬೆಳವಣಿಗೆ ಮನುಷ್ಯರ ಮೈಯಲ್ಲೂ ನಿಲ್ಲಬೇಕೆಂದಿಲ್ಲ, ಇದು ಗುಳಿಗೆಯಾಗದೆಯೂ ಹೋದೀತು ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಮೈಯೆಲ್ಲ ಹಗುರಾಗಿತ್ತು.

ಇಬ್ಬರೂ ಕಾಲೇಜಿನೆದುರಿನ ಅಂಗಡಿಗೆ ಹೋಗಿ ಮಂಡಕ್ಕಿ ಮಿರ್ಚಿ ತರಿಸಿದರು. ರಸ್ತೆಯಲ್ಲಿ ಅದಿರಿನ ಲಾರಿಗಳು ಸಾಲುಗಟ್ಟಿದ್ದವು. ಧೂಳು ಬೀಳದಂತೆ ಅಭಯ ತಟ್ಟೆಯ ಮೇಲೆ ಪೇಪರು ಮುಚ್ಚಿದ.

"ಮುಂದಿಂದು ಯಾವುದು ಮಾಡೋಣ್ರಿ?" ಎಂದ.

"ಮೊದ್ಲು ತಿನ್ರಿ, ಆರತೈತಿ," ಎಂದು ಸುನಿತಾ ಬಿಸಿ ಮಿರ್ಚಿಯೊಂದನ್ನು ಮುರಿದಳು.