ಮೇಲಿನ ಮನೆಗೆ ಬರುತ್ತಿದ್ದ ಬೆಟ್ಟಗಳು

ಹೋದ ಶನಿವಾರ ನೈರೋಬಿಯ ನ್ಗಾರಾದ ತರಕಾರಿ ಅಂಗಡಿಯಲ್ಲಿ ಸಬ್ಬಸಿಗೆ ಸೊಪ್ಪಿನ ಕಟ್ಟೊಂದನ್ನು ಮೂಗಿನ ಹತ್ತಿರ ತಂದು ವಾಸನೆ ನೋಡಿದ್ದೇ ತಪ್ಪಾಯಿತು. ಅಭ್ಯಾಸಬಲದಿಂದ ಎರಡು ಕಟ್ಟು ಕೊಂಡುಬಿಟ್ಟೆ. ಮನೆಗೆ ಬಂದು ಚೀಲ ಇಳಿಸಿದ ಮೇಲೆ ನೆನಪಾಯಿತು... ಎರಡನೆಯದನ್ನು ಮೇಲಿನ ಮನೆಗೆ ಕೊಟ್ಟು ಬರೋಣವೆಂದರೆ ಅಲ್ಲಿ ಈಗ ಅವರಿಲ್ಲ.

ಹೈರಿಡ್ಜ್‌ನ ನಮ್ಮ ಕಟ್ಟಡದಲ್ಲಿ ಎಲ್ಲರೂ ಅವರನ್ನು ‘ಮ್ವಾಲಿಮು’ ಎನ್ನುತ್ತಿದ್ದರು. ಸ್ವಾಹಿಲಿಯಲ್ಲಿ ಹಾಗೆಂದರೆ ಮೇಷ್ಟ್ರು. ಹುಟ್ಟಿದ್ದು ಬಲ್ಗೇರಿಯಾದ ಒಂದು ಹಳ್ಳಿಯಲ್ಲಿ. ಆ ದೇಶಕ್ಕೆ ಓದಲು ಹೋಗಿದ್ದ ಕೀನ್ಯಾದ ಡಾಕ್ಟರೊಬ್ಬರನ್ನು ಮದುವೆಯಾಗಿ ನೈರೋಬಿಗೆ ಬಂದವರು, ಗಂಡ ತೀರಿಕೊಂಡ ಮೇಲೂ ರಷ್ಯನ್ ಪಾಠ ಹೇಳಿಕೊಂಡು ಇಲ್ಲೇ ಉಳಿದರು. ನನ್ನನ್ನು ಇಲ್ಲಿನ ರೂಢಿಯಂತೆ ಮಗಳ ಹೆಸರು ಸೇರಿಸಿ ‘ಮಾಮಾ ಮಾನಸ’, ಅಂದರೆ ಮಾನಸಳ ಅಮ್ಮ, ಎಂದು ಕರೆಯುತ್ತಿದ್ದರು. ಅವರ ಮಾತೆಲ್ಲ ಸ್ವಾಹಿಲಿ ಬೆರೆತ ಇಂಗ್ಲಿಷು. ಇಲ್ಲಿ ಅದನ್ನು ಕನ್ನಡಕ್ಕೆ ತಂದವಳು ನಾನು. ನಮ್ಮಿಬ್ಬರ ಸ್ನೇಹ ಬೆಳೆದದ್ದೇ ಸಬ್ಬಸಿಗೆಯಿಂದ. ನಾನು ಅದನ್ನು ಅಕ್ಕಿರೊಟ್ಟಿಗೆ ಹಾಕುತ್ತಿದ್ದೆ, ಅವರು ಮೊಸರು ಸೌತೆಕಾಯಿಯ ತಣ್ಣನೆಯ ಸಾರಿಗೆ ಹಾಕುತ್ತಿದ್ದರು.

ಮಾನಸಳಿಗೆ ಉಕ್ರೇನಿನಲ್ಲಿ ಮೆಡಿಕಲ್ ಸೀಟು ಸಿಕ್ಕಿತು. ಮೈಸೂರಿನಿಂದ ನಮ್ಮಮ್ಮ ಫೋನಿನಲ್ಲಿ, “ದೂರದ ಬೆಟ್ಟ ನುಣ್ಣಗೆ ಕಣೇ, ಯೋಚ್ನೆ ಮಾಡು” ಅಂದಿದ್ದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಲ್ಲಿನ ಕಾಲೇಜಿನ ರಷ್ಯನ್ ಪರೀಕ್ಷೆಗೆಂದು ಮಗಳನ್ನು ಮೇಲಿನ ಮನೆಗೆ ಕಳಿಸತೊಡಗಿದೆ.

ಒಂದು ಸಂಜೆ ಅವಳ ನೋಟ್‌ಬುಕ್ ತೆಗೆದು ನೋಡಿದೆ. ಒಂದು ಪುಟಕ್ಕೆ ಒಂದೇ ಪದ. ಅದನ್ನು ದೇಶದಿಂದ ದೇಶಕ್ಕೆ ನಡೆಸಿಕೊಂಡು ಹೋಗುವುದು ಮ್ವಾಲಿಮು ಅವರ ಕ್ರಮ. ಆ ದಿನದ ಪದ ಬೆಟ್ಟ. ರಷ್ಯನ್ನರಿಗೆ ಗರಾ, ಉಕ್ರೇನಿನಲ್ಲಿ ಹೊರಾ, ಪೋಲೆಂಡಿನಲ್ಲಿ ಗೂರಾ, ಸ್ಲೊವಾಕಿಯಾಕ್ಕೆ ಹೋದರೆ ಮತ್ತೆ ಹೊರಾ, ಸ್ಲೊವೇನಿಯಾದಲ್ಲಿ ಗೊರಾ. ಕೊನೆಯ ಸಾಲು ಅವರ ಬಲ್ಗೇರಿಯಾದ್ದು. ಅಲ್ಲೂ ಗೊರಾ ಇದೆ, ಆದರೆ ಅರ್ಥ ಕಾಡು.

“ಅದ್ರಲ್ಲೇನು ವಿಶೇಷ? ನಮ್ಮ ಶಿರಸಿ ಕಡೆ ಸೊಪ್ಪಿಗೆ ಬೆಟ್ಟಕ್ಕೆ ಹೋದ ಅಂದ್ರೆ ಕಾಡಿಗೆ ಹೋದ ಅಂತಾನೇ,” ಎಂದು ನನ್ನ ಗಂಡ ಖುಷಿಪಟ್ಟರು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಪಾರ್ಕ್‌ಲ್ಯಾಂಡ್ಸ್‌ನ ಶಾಲೆಯಲ್ಲಿ ಇಪ್ಪತ್ತು ವರ್ಷ ಗಣಿತ ಕಲಿಸಿದವಳು ನಾನು. ಪರೀಕ್ಷೆಗೆ ಬರದ ಪಾಠ ಪಾಠವೇ ಅಲ್ಲ ಎಂದು ನಂಬಿದ್ದವಳು. ಹೊರಡಲು ಉಳಿದಿರುವುದು ಹದಿನೈದು ದಿನ, ಇವರು ನೋಡಿದರೆ ಬೆಟ್ಟ ಹತ್ತಿಸುತ್ತ ಕೂತಿದ್ದಾರೆ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರಲ್ಲ, ಆ ಪುಟವನ್ನು ಪರ್ರನೆ ಹರಿದು ಮೆಟ್ಟಿಲು ಹತ್ತಿ ಹೋಗಿ ಅವರ ಮೇಜಿನ ಮೇಲಿಟ್ಟೆ.

“ಇವಳಿಗೆ ಬೇಕಾಗಿರೋದು ಒಂದು ಭಾಷೆ, ಮ್ವಾಲಿಮು. ಉಳಿದ ದೇಶದ ಬೆಟ್ಟ ಕಟ್ಕೊಂಡು ನಮಗೇನಾಗಬೇಕು?”

ಅವರು ಕನ್ನಡಕ ಹಾಕಿಕೊಂಡು ಪುಟವನ್ನು ನೋಡಿದರು. ನನ್ನನ್ನು ನೋಡಲಿಲ್ಲ. “ಸವಾ, ಮಾಮಾ ಮಾನಸ,” ಅಂದರು. ಆಯಿತು ಎಂದಷ್ಟೇ. ಮರುದಿನದಿಂದ ಪಠ್ಯಪುಸ್ತಕ ಹಿಡಿದು ಕಲಿಸಿದರು. ಸಬ್ಬಸಿಗೆ ಹಂಚಿಕೊಳ್ಳುವುದು ನಿಲ್ಲಲಿಲ್ಲವಾದರೂ ಅವರ ಮುಂದೆ ನಿಲ್ಲುವಾಗ ನನಗೆ ಒಂದು ಥರ ಇರುಸುಮುರುಸು ಉಳಿದೇಹೋಯಿತು.

ಮಾನಸ ಆ ಪುಟವನ್ನು ಮರೆತಿರಲಿಲ್ಲ. ಓದಲು ಹೋದ ಮೇಲೆ, ರಜೆಯಲ್ಲಿ ಯಾವ ದೇಶಕ್ಕೆ ಕಾಲಿಟ್ಟರೂ ಆ ದೇಶದವರ ಬೆಟ್ಟದ ಪದವೊಂದನ್ನು ಮ್ವಾಲಿಮು ಅವರ ಹಳೆಯ ಫೋನಿಗೆ ಕಳಿಸುತ್ತಿದ್ದಳು. ಬೇರೆ ಮಾತಿಲ್ಲ, ಒಂದೇ ಪದ. ಅವರು ಮೆಟ್ಟಿಲಲ್ಲಿ ಸಿಕ್ಕಾಗ ಫೋನು ತೋರಿಸಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೊಳಗೆ ಹೊಟ್ಟೆಕಿಚ್ಚು ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಆಮೇಲೆ ಯುದ್ಧ ಶುರುವಾಯಿತು.

ಮೊದಲೆರಡು ದಿನ ಅವಳು ಹಾಸ್ಟೆಲಿನ ನೆಲಮಾಳಿಗೆಯಲ್ಲಿದ್ದಳು. ಮೂರನೆಯ ದಿನ ಗೆಳತಿಯರೊಂದಿಗೆ ಹೇಗೋ ರೈಲು ಹತ್ತಿದಳು. ಅಲ್ಲಿಂದ ಬಸ್ಸು, ಬಸ್ಸು ನಿಂತ ಕಡೆಯಿಂದ ಹಿಮದಲ್ಲಿ ನಡಿಗೆ. ಕೊನೆಯ ಕರೆಯಲ್ಲಿ ಅವಳ ಹಲ್ಲು ಕಟಕಟ ಎನ್ನುವುದು ಕೇಳಿಸುತ್ತಿತ್ತು. “ಅಮ್ಮಾ, ಫೋರ್ ಪರ್ಸೆಂಟ್ ಇದೆ. ಸ್ವಿಚ್ ಆಫ್ ಮಾಡ್ತೀನಿ. ಪ್ಲೀಸ್ ಡೋಂಟ್ ಪ್ಯಾನಿಕ್.” ಅಷ್ಟೇ. ಆಮೇಲೆ ಒಂದೂವರೆ ದಿನ ಸುದ್ದಿಯಿಲ್ಲ.

ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಗಡಿ ಮುಚ್ಚಿದೆ ಎಂದು ಒಬ್ಬರು, ನಮ್ಮ ಮಕ್ಕಳನ್ನು ಸಾಲಿನಲ್ಲಿ ಹಿಂದಕ್ಕೆ ತಳ್ಳುತ್ತಿದ್ದಾರೆ ಎಂದು ಇನ್ನೊಬ್ಬರು. ಗಂಡ ಬೆಳಿಗ್ಗೆಯೇ ಯಾವ ಯಾವುದೋ ರಾಯಭಾರ ಕಚೇರಿ ಸುತ್ತಲು ಹೋಗಿದ್ದರು. ನಾನು ಊಟದ ಮೇಜಿನ ಮುಂದೆ ಫೋನು ಹಿಡಿದು ಕೂತಿದ್ದೆ. ಹತ್ತು ಗಂಟೆಯ ಹೊತ್ತಿಗೆ ಮ್ವಾಲಿಮು ಕೆಳಗಿಳಿದು ಬಂದರು, ಕೈಯಲ್ಲಿ ಒಂದು ದೊಡ್ಡ ಕಟ್ಟು ಸಬ್ಬಸಿಗೆ.

“ಪೋಲೆ,” ಅಂದರು. ದುಃಖದಲ್ಲಿರುವವರಿಗೆ ಇಲ್ಲಿ ಹೇಳುವ ಮಾತು.

“ಈಗ ಯಾರ ಹತ್ರಾನೂ ಮಾತಾಡೋಕಾಗಲ್ಲ ನಂಗೆ,” ಅಂದೆ, ಒರಟಾಗಿಯೇ.

“ಮಾತಾಡಬೇಡಿ,” ಎಂದು ಎದುರಿಗೆ ಕೂತು, ತಮ್ಮ ಫೋನನ್ನು ಮೇಜಿನ ನಡುವೆ ಇಟ್ಟು ಸೊಪ್ಪು ಬಿಡಿಸತೊಡಗಿದರು. ಮಧ್ಯಾಹ್ನವಾಯಿತು. ಮೈಸೂರಿನಿಂದ ಬಂದ ಕರೆಗಳನ್ನೆಲ್ಲ ಕತ್ತರಿಸಿದೆ. ಗಾಳಿಗೆ ಬಾಗಿಲು ಬಡಿದುಕೊಂಡರೂ ಎದ್ದು ಹೋಗಿ ನೋಡುತ್ತಿದ್ದೆ. ಸೊಪ್ಪು ಮುಗಿದ ಮೇಲೆ ಅವರು ಬರೀ ದಂಟುಗಳನ್ನು ಒಂದೊಂದಾಗಿ ಮುರಿಯುತ್ತ ಕೂತರು.

ನಾಲ್ಕು ಗಂಟೆ ದಾಟಿರಬೇಕು. ಟಿಣ್ ಎಂದ ಸದ್ದಿಗೆ ನನ್ನ ಫೋನನ್ನು ತಟ್ಟನೆ ಎತ್ತಿ ನೋಡಿದೆ. ಏನೂ ಇರಲಿಲ್ಲ. ಸದ್ದು ಬಂದದ್ದು ಅವರ ಫೋನಿನಿಂದ. ಅವರು ಕನ್ನಡಕ ಹುಡುಕುವಷ್ಟರಲ್ಲಿ ನಾನೇ ಬಗ್ಗಿ ನೋಡಿದೆ. ಇಂಗ್ಲಿಷಿನ ನಾಲ್ಕೇ ಅಕ್ಷರ, ‘ಓ’ದ ತಲೆಯ ಮೇಲೆ ಒಂದು ಸಣ್ಣ ಗೀಟು. ನನಗೆ ತಲೆಬುಡ ತಿಳಿಯಲಿಲ್ಲ. ತಿಳಿಸಬಹುದಾಗಿದ್ದ ಪುಟವನ್ನು ಹರಿದವಳು ನಾನೇ ತಾನೆ.

ಮ್ವಾಲಿಮು ಕನ್ನಡಕ ಹಾಕಿಕೊಂಡು ಓದಿದರು. ಇನ್ನೊಮ್ಮೆ ಓದಿದರು.

“ಗೂರಾ,” ಅಂದರು. “ಇದು ಪೋಲೆಂಡಿನ ಬೆಟ್ಟ, ಮಾಮಾ ಮಾನಸ. ಹುಡುಗಿ ದಾಟಿದ್ದಾಳೆ.”

ಸೊಪ್ಪಿನ ವಾಸನೆಯ ಆ ಕೈಗಳಲ್ಲಿ ಮುಖ ಹುದುಗಿಸಿ ಅತ್ತೆ. ಅವರೂ ಅತ್ತರು. ಹರಿದ ಪುಟದ ಮಾತು ನಾಲಿಗೆಯ ತುದಿಗೆ ಬಂದಿತ್ತು, ಆಡಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡೆ... ನಾಳೆ ಎನ್ನುತ್ತ ವರ್ಷಗಳೇ ಉರುಳಿದವು.

ಮಗಳು ಮನೆಗೆ ಬಂದಾಗ ಕೇಳಿದ್ದೆ, ಹೆತ್ತವಳಿಗೆ ಬಿಟ್ಟು ಅವರಿಗೇಕೆ ಕಳಿಸಿದೆ ಎಂದು. “ಒಂದೇ ಪರ್ಸೆಂಟ್ ಇತ್ತು, ಅಮ್ಮಾ. ನಿಂಗೆ ಬರೆದ್ರೆ ಹಂಡ್ರೆಡ್ ಕ್ವೆಶ್ಚನ್ಸ್. ಮ್ವಾಲಿಮುಗೆ ಒನ್ ವರ್ಡ್ ಸಾಕು. ಅವ್ರು ನಿನ್ ಹತ್ರಾನೇ ಕೂತಿರ್ತಾರೆ ಅಂತ ಗೊತ್ತಿತ್ತು.”

ಮ್ವಾಲಿಮು ಹೋದ ವರ್ಷ ತೀರಿಕೊಂಡರು. ಕ್ಷಮೆ ಕೇಳುವುದು ಬಾಕಿಯೇ ಉಳಿಯಿತು. ಅದನ್ನು ಈಗ ಯಾರಲ್ಲಿ ಕೇಳಲಿ. ಮೇಲಿನ ಮನೆಗೆ ಬೇರೆ ಯಾರೋ ಬಂದಿದ್ದಾರೆ, ಒಳ್ಳೆಯ ಜನ, ಮೆಟ್ಟಿಲಲ್ಲಿ ಸಿಕ್ಕರೆ ನಕ್ಕು ಮಾತಾಡಿಸುತ್ತಾರೆ.

ಶನಿವಾರ ಆ ಎರಡನೆಯ ಕಟ್ಟನ್ನು ಬಿಡಿಸುತ್ತ ಕೂತಿದ್ದಾಗ ನನ್ನ ಫೋನು ಟಿಣ್ ಎಂದಿತು. ಪೋಲೆಂಡಿನಲ್ಲೇ ಓದು ಮುಗಿಸಿದ ಮಾನಸ ರಜೆ ಹಾಕಿ ಮ್ವಾಲಿಮು ಅವರ ಹಳ್ಳಿ ನೋಡಲು ಹೋಗಿದ್ದಳು. ಒಂದು ಫೋಟೊ, ಬುಡದಿಂದ ತುದಿಯವರೆಗೂ ಮರಗಳೇ ತುಂಬಿದ ಬೆಟ್ಟ. ಕೆಳಗೆ ನನಗೆ ಓದಲು ಬಾರದ ಲಿಪಿಯಲ್ಲಿ ಒಂದೇ ಪದ. ಮೇಲಿನ ಮನೆಗೆ ಹೋಗಬೇಕಾಗಿದ್ದುದು, ಅಲ್ಲಿ ಅವರಿಲ್ಲವೆಂದು ನನಗೆ ಬಂದಿತ್ತು.

ಓದಲು ಬಾರದಿದ್ದರೇನು, ಹರಿದ ಪುಟದ ಕೊನೆಯ ಸಾಲು, ಬಲ್ಗೇರಿಯಾದ ಆ ಗೊರಾ, ನನಗೆ ಮರೆತಿರಲಿಲ್ಲ. ಚಳಿ ಇದೆಯಾ, ಊಟ ಆಯ್ತಾ, ಜೊತೆಗೆ ಯಾರಿದ್ದಾರೆ, ಯಾವಾಗ ವಾಪಸ್ಸು ಎಂದು ನೂರು ಪ್ರಶ್ನೆಗಳು ಬೆರಳ ತುದಿಗೆ ಬಂದವು. ಒಂದನ್ನೂ ಕೇಳಲಿಲ್ಲ. ಕೈ ಒರೆಸಿಕೊಂಡು, ‘ಕಾಡು’ ಎಂದಷ್ಟೇ ಬರೆದು ಕಳಿಸಿದೆ.